ಎರಡು ಗೆರೆಯ ಕಾರ್ಡು: ಮೊದಲು ಯಾರಿಗೆ ಗೊತ್ತಾಗಬೇಕು?

ರಬಕವಿಯ ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಅವರ ಮಾತಿನಲ್ಲೇ ಕೇಳಿ: "ಅಕ್ಕಾರ, ಮುಟ್ಟ ತಪ್ಪಿ ಹನ್ನೆರಡ ದಿನ ಆತು. ಮೆಡಿಕಲ್‌ನಿಂದ ಕಾರ್ಡ್ ತರಿಸಿ ನೋಡಿದೆ. ಒಂದು ಗೆರಿ ಸರಿಯಾಗಿ ಬಂತು, ಇನ್ನೊಂದು ಮಸಕ ಮಸಕ ಬಂತು. ಬ್ಯಾರೆ ಕಂಪನಿದು ತರಿಸಿದೆ, ಅದರಾಗೂ ಹಂಗ. ಯಾವ ಕಂಪನಿ ಕಾರ್ಡ್ ನಂಬಬೇಕು? ನನಗ ಇಬ್ಬರು ಹೆಣ್ಣಮಕ್ಕಳದಾರ. ಮನ್ಯಾಗ ಇನ್ನೂ ಯಾರಿಗೂ ಹೇಳಿಲ್ಲ."

ಮೊದಲು ಕೇಳಿದ್ದಕ್ಕೆ ಉತ್ತರ ಕೊಟ್ಟುಬಿಡುತ್ತೇನೆ. ಪೊಟ್ಟಣದ ಮೇಲೆ ಹೇಳಿದ ಸಮಯದೊಳಗೆ, ಅಂದರೆ ಸಾಮಾನ್ಯವಾಗಿ ಐದು ನಿಮಿಷದೊಳಗೆ, ಎರಡನೇ ಗೆರೆ ಮೂಡಿದರೆ ಅದು ಮಸುಕಾಗಿದ್ದರೂ ಗೆರೆಯೇ. ಬಸಿರು ಇರುವ ಸಾಧ್ಯತೆ ಹೆಚ್ಚು. ಕಾರ್ಡನ್ನು ಬಚ್ಚಲಮನೆಯ ಕಿಟಕಿಯಲ್ಲಿಟ್ಟು, ಒಲೆಯ ಮೇಲಿನ ಹಾಲು ಇಳಿಸಿ, ಮಕ್ಕಳ ಡಬ್ಬಿ ಕಟ್ಟಿ, ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಕಾಣುವ ತೆಳು ಗೆರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಅದು ಒಣಗಿದ ಗುರುತು ಇರಬಹುದು. ಬೆಳಗ್ಗೆ ಎದ್ದ ಕೂಡಲೇ ಮಾಡುವ ಮೂತ್ರದಲ್ಲಿ ನೋಡುವುದು ಒಳ್ಳೆಯದು. ಕಂಪನಿ ಯಾವುದಾದರೂ ಒಳಗಿನ ವಿದ್ಯೆ ಒಂದೇ, ಅವಧಿ ಮುಗಿದಿರಬಾರದು ಅಷ್ಟೆ.

ಆದರೆ ಹನ್ನೆರಡು ದಿನ ಕಳೆದ ಮೇಲೂ ಗೆರೆ ಮಸುಕಾಗಿದೆ ಅಂದರೆ ಮೂರನೇ ಕಾರ್ಡ್ ತರಿಸಬೇಡಿ, ಡಾಕ್ಟರ ಹತ್ತಿರ ಹೋಗಿ. ಬಸಿರು ತಡವಾಗಿ ನಿಂತಿರಬಹುದು, ಅದು ಗಾಬರಿಯ ವಿಷಯವಲ್ಲ. ಇಳಿದು ಹೋಗುತ್ತಿರಬಹುದು. ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತಿರಲೂಬಹುದು. ಆ ಮೂರರಲ್ಲಿ ಯಾವುದು ಎಂದು ಕಾರ್ಡ್ ಹೇಳುವುದಿಲ್ಲ. ರಕ್ತದಲ್ಲಿ ಇದೇ ಹಾರ್ಮೋನಿನ ಪ್ರಮಾಣವನ್ನು ಎರಡು ದಿನದ ಅಂತರದಲ್ಲಿ ಎರಡು ಸಲ ಅಳೆದು, ಸ್ಕ್ಯಾನ್ ಮಾಡಿದರೆ ತಿಳಿಯುತ್ತದೆ. ಹೊಟ್ಟೆಯ ಒಂದು ಪಕ್ಕ ಜೋರು ನೋವು, ತಲೆ ಸುತ್ತು, ರಕ್ತ ಕಾಣಿಸುವುದು, ಭುಜದ ತುದಿಯಲ್ಲಿ ನೋವು, ಇವುಗಳಲ್ಲಿ ಯಾವುದಾದರೂ ಇದ್ದರೆ ಅದೇ ಗಳಿಗೆಯಲ್ಲಿ ಹೋಗಬೇಕು. ರಾತ್ರಿಯಾದರೂ ಸರಿ.

ಪತ್ರದ ಕೊನೆಯ ಎರಡು ಸಾಲಿಗೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು, ಈ ಕಾರ್ಡು ನಮ್ಮ ಕೈಗೆ ಬಂದದ್ದು ಹೇಗೆ ಅಂತ ಸ್ವಲ್ಪ ನೋಡೋಣ. ಅವರು "ಯಾವ ಕಂಪನಿ" ಅಂತ ಕೇಳಿದ್ದಕ್ಕೆ ನಾನೂ ಓದುತ್ತಾ ಹೋದೆ. ಬಸಿರಾಗಿರುವುದು ಹೆಣ್ಣು, ಆದರೆ ಆ ಸುದ್ದಿ ಅವಳಿಗೇ ಮೊದಲು ತಿಳಿಯಬೇಕು ಅನ್ನುವುದನ್ನು ಒಪ್ಪಿಕೊಳ್ಳಲು ಕಂಪನಿಗಳಿಗೆ ಎಷ್ಟು ವರ್ಷ ಬೇಕಾಯಿತು ನೋಡಿ.

ನಮ್ಮ ಅತ್ತೆಯವರನ್ನು ಕೇಳಿದೆ. "ನಮ್ಮ ಕಾಲಕ್ಕ ಎಲ್ಲಿ ಕಾರ್ಡವ್ವಾ? ಎರಡ ತಿಂಗಳ ಕಾಯೂದು. ವಾಂತಿ ಆದ್ರ ನೆಗೆಣ್ಣಿಗೆ ಗೊತ್ತಾಕ್ಕಿತ್ತು, ನೆಗೆಣ್ಣಿಗೆ ಗೊತ್ತಾದ್ರ ಓಣಿಗೆ ಗೊತ್ತಾಕ್ಕಿತ್ತು. ನಮಗ ಖಾತ್ರಿ ಆಗೂದು ಎಲ್ಲಾರದೂ ಆದ ಮ್ಯಾಲ" ಅಂದರು. ಆಗ ಪಟ್ಟಣದ ಕೆಲವರು ಡಾಕ್ಟರು ಹೇಳಿದ ಮಾತ್ರೆ ನುಂಗುತ್ತಿದ್ದದ್ದೂ ಉಂಟು. ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್ ಎಂಬ ಎರಡು ಹಾರ್ಮೋನುಗಳನ್ನು ದೊಡ್ಡ ಪ್ರಮಾಣದಲ್ಲಿ ಸೇರಿಸಿದ ಮಾತ್ರೆ. ನುಂಗಿದ ಮೇಲೆ ಮುಟ್ಟಾದರೆ ಬಸಿರಲ್ಲ, ಆಗದಿದ್ದರೆ ಬಸಿರು! ಇದು ಪರೀಕ್ಷೆಯಂತೆ. ಒಳಗಿರುವ ಕೂಸಿಗೆ ಏನಾಗಬಹುದು ಎಂಬ ಅನುಮಾನ ಎದ್ದದ್ದು ಆಮೇಲೆ. ಬ್ರಿಟನ್ನಿನಲ್ಲಿ ಪ್ರೈಮೋಡಾಸ್ ಎಂಬ ಇಂಥದೇ ಮಾತ್ರೆ 1978ರಲ್ಲಿ ಮಾರುಕಟ್ಟೆಯಿಂದ ಹೋಯಿತು. ನಮ್ಮ ದೇಶದಲ್ಲಿ 1982ರಲ್ಲಿ ಸರಕಾರ ನಿಷೇಧಕ್ಕೆ ಹೊರಟಿತು, ಕಂಪನಿಗಳು ಕೋರ್ಟಿನಿಂದ ತಡೆ ತಂದವು. ಮಹಿಳಾ ಸಂಘಟನೆಗಳು, ಆರೋಗ್ಯ ಕಾರ್ಯಕರ್ತರು ಹೋರಾಡಿದರು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೊನೆಗೆ ನಿಷೇಧ ಗಟ್ಟಿಯಾದದ್ದು 1988ರಲ್ಲಿ. ಆರು ವರ್ಷ! ಆ ಆರು ವರ್ಷದಲ್ಲಿ ಅದನ್ನು ನುಂಗಿದವರು ನಮ್ಮ ತಾಯಂದಿರೇ ಅಲ್ಲವೇ.

ಇದಕ್ಕಿಂತ ಹಿಂದೆ ಹೋದರೆ ಇಲಿ, ಕಪ್ಪೆ. ಜರ್ಮನಿಯಲ್ಲಿ 1927ರ ಸುಮಾರಿಗೆ ಹೆಂಗಸಿನ ಮೂತ್ರವನ್ನು ಮರಿ ಇಲಿಗೆ ಚುಚ್ಚಿ, ಅದನ್ನು ಕೊಯ್ದು ನೋಡುತ್ತಿದ್ದರು. ಮುಂದೆ ಆಫ್ರಿಕಾದ ಒಂದು ಜಾತಿಯ ಕಪ್ಪೆಗೆ ಚುಚ್ಚಿದರೆ ಬಸಿರಿದ್ದವಳ ಮೂತ್ರವಾದರೆ ಅದು ಒಂದು ದಿನದೊಳಗೆ ಮೊಟ್ಟೆ ಇಡುತ್ತಿತ್ತು. ಇನ್ನೂ ಹಿಂದೆ, ಮೂರು ಸಾವಿರ ವರ್ಷಕ್ಕೂ ಹಳೆಯ ಈಜಿಪ್ಟಿನ ಬರಹದಲ್ಲಿ ಜವೆಗೋದಿ ಮತ್ತು ಗೋದಿಯ ಕಾಳಿನ ಮೇಲೆ ದಿನಾ ಮೂತ್ರ ಹೊಯ್ಯುವ ಪರೀಕ್ಷೆ ಇದೆ. ಮೊಳಕೆ ಬಂದರೆ ಬಸಿರು. ಜವೆಗೋದಿ ಮೊಳೆತರೆ ಗಂಡು, ಗೋದಿ ಮೊಳೆತರೆ ಹೆಣ್ಣು! 1963ರಲ್ಲಿ ವಿಜ್ಞಾನಿಗಳು ಪರೀಕ್ಷಿಸಿ ನೋಡಿದಾಗ ಬಸಿರಿನ ಮಟ್ಟಿಗೆ ಅದು ಸುಮಾರು ನೂರಕ್ಕೆ ಎಪ್ಪತ್ತು ಸಲ ಸರಿಯಾಗಿತ್ತು. ಗಂಡು-ಹೆಣ್ಣಿನ ವಿಷಯದಲ್ಲಿ ಮಾತ್ರ ಪೂರಾ ಸುಳ್ಳು. ನಮ್ಮ ಓಣಿಯಲ್ಲೂ ಒಬ್ಬರು "ಗೆರಿ ದಟ್ಟ ಬಂದ್ರ ಗಂಡ ನೋಡ್ರಿ" ಅಂತ ಹೇಳಿದ್ದನ್ನು ಕೇಳಿದ್ದೇನೆ. ಅದೂ ಅಷ್ಟೇ ಸುಳ್ಳು. ಗೆರೆ ದಟ್ಟ ಬರುವುದು ಮೂತ್ರದಲ್ಲಿ ಹಾರ್ಮೋನು ಹೆಚ್ಚಿದ್ದರೆ.

ಕಾಗದದ ಪಿನ್ನಿನ ಡಬ್ಬಿಯಿಂದ

ಈಗ ಕಂಪನಿಯ ಕಥೆ. ಹಾಲೆಂಡಿನ ಓಸ್ ಎಂಬ ಊರಿನಲ್ಲಿ ವಾನ್ ಜ್ವಾನೆನ್‌ಬರ್ಗ್ ಎಂಬ ಮನೆತನದ ಮಾಂಸದ ಕಾರ್ಖಾನೆ ಇತ್ತು. ದನ-ಹಂದಿ ಕಡಿದ ಮೇಲೆ ಉಳಿಯುವ ಗ್ರಂಥಿಗಳನ್ನು ಚೆಲ್ಲುವ ಬದಲು ಅದರಿಂದ ಇನ್ಸುಲಿನ್ ತೆಗೆಯಬಹುದು ಎಂದು 1923ರಲ್ಲಿ ಒಬ್ಬ ಪ್ರೊಫೆಸರರನ್ನು ಜೊತೆ ಮಾಡಿಕೊಂಡು ಆರ್ಗನಾನ್ ಎಂಬ ಕಂಪನಿ ಶುರುವಾಯಿತು. ಹಿಟ್ಟು ಸೋಸಿದ ಬೂಸಾದಲ್ಲೂ ಒಂದು ಅಡುಗೆ ಮಾಡುವ ಗೃಹಿಣಿಯ ಬುದ್ಧಿ ಅದು! ಮುಂದೆ ಅವರು ಹಾರ್ಮೋನುಗಳಲ್ಲೇ ಪಳಗಿದರು. ಬಸುರಿಯರ ಮೂತ್ರದಲ್ಲಿ ಎಚ್‌ಸಿಜಿ ಎಂಬ ಹಾರ್ಮೋನು ಹೇರಳವಾಗಿರುತ್ತದೆ, ಅದನ್ನು ಶುದ್ಧ ಮಾಡಿದರೆ ಮಕ್ಕಳಾಗದವರಿಗೆ ಔಷಧವಾಗುತ್ತದೆ. ಹಾಗಾಗಿ 1930ರ ದಶಕದಿಂದ ಹಾಲೆಂಡಿನಲ್ಲಿ ಬಸುರಿಯರಿಂದ ಮೂತ್ರ ದಾನವಾಗಿ ಪಡೆಯುವ ಪದ್ಧತಿ ಬೆಳೆಯಿತು. "ತಾಯಂದಿರಿಗಾಗಿ ತಾಯಂದಿರು" ಎಂದೇ ಅದರ ಹೆಸರು. ಮನೆಮನೆಗೆ ಬಂದು ಬಾಟಲಿ ಒಯ್ಯುತ್ತಿದ್ದರು, ನಮ್ಮಲ್ಲಿ ಹಾಲಿನವರು ಬಂದ ಹಾಗೆ.

ಇದೇ ಎಚ್‌ಸಿಜಿಯನ್ನು ಪತ್ತೆ ಮಾಡುವುದೇ ಇವತ್ತಿನ ಕಾರ್ಡಿನ ಕೆಲಸ. ಗರ್ಭ ಗರ್ಭಕೋಶಕ್ಕೆ ಅಂಟಿಕೊಂಡ ಮೇಲೆ ಈ ಹಾರ್ಮೋನು ಹುಟ್ಟುತ್ತದೆ, ಮೊದಮೊದಲು ಎರಡು-ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ. 1960ರ ದಶಕದಲ್ಲಿ ಆರ್ಗನಾನ್ ಇದನ್ನು ಗಾಜಿನ ನಳಿಕೆಯಲ್ಲಿ ಪತ್ತೆ ಮಾಡುವ ಪರೀಕ್ಷೆ ತಯಾರಿಸಿತು. ಕಪ್ಪೆಗಳಿಗೆ ಬಿಡುಗಡೆಯಾಯಿತು, ಆದರೆ ಹೆಂಗಸರಿಗೆ ಆಗಲಿಲ್ಲ. ಯಾಕೆಂದರೆ ಅದು ಡಾಕ್ಟರಿಗೆ, ಲ್ಯಾಬಿಗೆ ಮಾತ್ರ. ಬಾಟಲಿ ಕೊಟ್ಟು, ದಿನಗಟ್ಟಲೆ ಕಾದು, ಡಾಕ್ಟರು ಹೇಳಿದಾಗಲೇ ಅವಳಿಗೆ ಗೊತ್ತಾಗುವುದು.

1967ರಲ್ಲಿ ಮಾರ್ಗರೆಟ್ ಕ್ರೇನ್ ಎಂಬ 26 ವರ್ಷದ ಹೆಣ್ಣುಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಆರ್ಗನಾನ್ ಕಚೇರಿಗೆ ಕೆಲಸಕ್ಕೆ ಸೇರಿದಳು. ವಿಜ್ಞಾನಿಯಲ್ಲ. ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿಗೆ ಚಿತ್ರ ಬಿಡಿಸುವವಳು. ಲ್ಯಾಬ್ ನೋಡಲು ಹೋದಾಗ ಕನ್ನಡಿಯ ಮೇಲೆ ಸಾಲಾಗಿ ತೂಗುಬಿಟ್ಟ ನಳಿಕೆಗಳು ಕಂಡವು. ಏನಿದು ಎಂದು ಕೇಳಿದಳು. ಡಾಕ್ಟರುಗಳು ಕಳಿಸಿದ ಬಸಿರಿನ ಪರೀಕ್ಷೆ, ನಳಿಕೆಯ ತಳದಲ್ಲಿ ಕೆಂಪು ಉಂಗುರ ಬಿದ್ದರೆ ಬಸಿರು ಅಂದರು. ಇಷ್ಟು ಸರಳ ಇದ್ದರೆ ಹೆಂಗಸು ತನ್ನ ಮನೆಯಲ್ಲೇ ಯಾಕೆ ನೋಡಿಕೊಳ್ಳಬಾರದು ಎಂದು ಅವಳಿಗೆ ಹೊಳೆಯಿತು. ಮನೆಗೆ ಹೋಗಿ, ಮೇಜಿನ ಮೇಲಿದ್ದ ಕಾಗದದ ಪಿನ್ನಿನ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಂಡು, ಅದರೊಳಗೆ ನಳಿಕೆ, ಕೆಳಗೊಂದು ಕನ್ನಡಿ ಕೂರಿಸಿ ಮಾದರಿ ಮಾಡಿ ತಂದಳು.

ಕಂಪನಿಯವರು ಬೇಡವೆಂದರು. ಡಾಕ್ಟರುಗಳು ಸಿಟ್ಟಾಗುತ್ತಾರೆ, ನಮ್ಮ ಗಿರಾಕಿಗಳೇ ಅವರು, ವ್ಯಾಪಾರ ಹೋಗುತ್ತದೆ ಎಂಬ ಭಯ. ಆಮೇಲೆ ಹಾಲೆಂಡಿನ ದೊಡ್ಡ ಕಚೇರಿಗೆ ಈ ವಿಚಾರ ರುಚಿಸಿದಾಗ ಗಂಡಸು ಡಿಸೈನರುಗಳಿಂದ ಮಾದರಿ ತರಿಸಿದರು. ಒಂದಕ್ಕೆ ಹೊಳೆಯುವ ಹರಳು, ಇನ್ನೊಂದಕ್ಕೆ ಗೊಂಡೆ! ಮೂತ್ರ ಪರೀಕ್ಷೆಗೆ ಗೊಂಡೆ ಯಾಕೆ ಬೇಕು ಹೇಳಿ. ಕ್ರೇನ್ ಕರೆಯದಿದ್ದರೂ ಸಭೆಗೆ ಹೋಗಿ ತನ್ನ ಸಾದಾ ಡಬ್ಬಿಯನ್ನು ಅದೇ ಸಾಲಿನಲ್ಲಿ ಇಟ್ಟಳು. ಜಾಹೀರಾತು ಕಂಪನಿಯ ಇರಾ ಸ್ಟರ್ಟೆವಂಟ್ ಎಂಬಾತ ಅದನ್ನೇ ಆರಿಸಿದ. (ಮುಂದೆ ಇಬ್ಬರೂ ಜೊತೆಯಾಗಿ ಬದುಕಿದರು, ಅದು ಬೇರೆ ಕಥೆ.) ಪೇಟೆಂಟ್ ಅವಳ ಹೆಸರಿನಲ್ಲಾಯಿತು, ಹಕ್ಕು ಮಾತ್ರ ಕಂಪನಿಗೆ, ಒಂದು ಡಾಲರಿಗೆ. ಆ ಒಂದು ಡಾಲರೂ ತನ್ನ ಕೈಗೆ ಬರಲಿಲ್ಲ ಎಂದು ಆಕೆ ಮುಂದೆ ಹೇಳಿಕೊಂಡಿದ್ದಾರೆ. "ಪ್ರಿಡಿಕ್ಟರ್" ಎಂಬ ಹೆಸರಿನ ಆ ಡಬ್ಬಿ 1971ರಲ್ಲಿ ಕೆನಡಾದಲ್ಲಿ ಮಾರಾಟಕ್ಕೆ ಬಂತು. ಅಮೆರಿಕದ ಅಂಗಡಿಗೆ ಬರಲು 1970ರ ದಶಕದ ಕೊನೆಯೇ ಬೇಕಾಯಿತು. ಎರಡು ತಾಸು ಅಲುಗಾಡಿಸದೆ ಇಡಬೇಕಿತ್ತು. ಆದರೂ ಕೊಂಡರು. 2015ರಲ್ಲಿ ಕ್ರೇನ್ ಮಾಡಿದ ಮೊದಲ ಮಾದರಿ ಹರಾಜಿನಲ್ಲಿ 11,875 ಡಾಲರಿಗೆ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂ ಸೇರಿತು.

ಬ್ರಿಟನ್ನಿನ ಯೂನಿಪಾತ್ ಎಂಬ ಕಂಪನಿ 1985ರಲ್ಲಿ ಕ್ಲಿಯರ್‌ಬ್ಲೂ ತಂದಿತು, 1988ರಲ್ಲಿ ಅದನ್ನು ಒಂದೇ ಕಡ್ಡಿಗೆ ಇಳಿಸಿತು. ಒಂದು ತುದಿಗೆ ಮೂತ್ರ ಬಿದ್ದರೆ ಕಾಗದ ಅದನ್ನು ಹೀರಿಕೊಂಡು ಮುಂದಕ್ಕೆ ಒಯ್ಯುತ್ತದೆ, ದಾರಿಯಲ್ಲಿ ಹಾರ್ಮೋನು ಬಣ್ಣಕ್ಕೆ ಅಂಟಿಕೊಂಡು ಗೆರೆಯಾಗಿ ನಿಲ್ಲುತ್ತದೆ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆಯೇ. ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮನೆಯಲ್ಲೇ ನೋಡಿಕೊಂಡೆವಲ್ಲ, ಅದೂ ಇದರ ತಮ್ಮನೇ.

ಮುಧೋಳದ ಅಂಗಡಿಗೆ

ನಮ್ಮ ದೇಶದಲ್ಲಿ ಈ ಕಾರ್ಡು ಮೊದಮೊದಲು ದೊಡ್ಡ ಊರಿನ ನರ್ಸಿಂಗ್ ಹೋಮಿನ ವಸ್ತುವಾಗಿತ್ತು. ಪಿರಾಮಲ್ ಕಂಪನಿಯ ಐ-ಕ್ಯಾನ್ ಟೀವಿ ಜಾಹೀರಾತಿಗೆ ಬಂತು. ಆದರೆ ಮುಧೋಳ, ಬೀಳಗಿಯಂಥ ಊರಿನ ಅಂಗಡಿಯ ಗಾಜಿನ ಹಿಂದೆ ಗುಲಾಬಿ ಬಣ್ಣದ ಪೊಟ್ಟಣ ಕಾಣುವಂತಾದದ್ದು ಮ್ಯಾನ್‌ಕೈಂಡ್ ಫಾರ್ಮಾ ಎಂಬ ಕಂಪನಿಯಿಂದ. ಮೀರತ್ತಿನ ಜುನೇಜಾ ಸಹೋದರರ ಕಂಪನಿ ಇದು. ಅಣ್ಣ ರಮೇಶ್ ಜುನೇಜಾ ಮೊದಲು ಬ್ಯಾಗು ಹಿಡಿದು ಊರೂರು ತಿರುಗುವ ಮೆಡಿಕಲ್ ರೆಪ್ ಆಗಿದ್ದವರು. 1995ರಲ್ಲಿ ಶುರು ಮಾಡಿದಾಗ ದೊಡ್ಡ ಕಂಪನಿಗಳು ಮೂಸಿ ನೋಡದ ಸಣ್ಣ ಊರುಗಳಿಗೆ, ಕಡಿಮೆ ಬೆಲೆಯ ಮಾಲು ಹಿಡಿದು ಹೋದರು. 2010ರಲ್ಲಿ ಪ್ರೆಗಾ ನ್ಯೂಸ್ ತಂದರು, ಸಿನಿಮಾ ನಟಿ ಕರೀನಾ ಕಪೂರ್ ಜಾಹೀರಾತಿಗೆ ಬಂದರು. 2023ರ ಏಪ್ರಿಲ್‌ನಲ್ಲಿ ಕಂಪನಿ ಶೇರು ಮಾರುಕಟ್ಟೆಗೆ ಬಂದಾಗ 4,326 ಕೋಟಿ ರೂಪಾಯಿಯ ಶೇರು ಮಾರಾಟವಾಯಿತು. ಆ ದುಡ್ಡು ಹೋದದ್ದು ಹಳೆಯ ಪಾಲುದಾರರಿಗೆ. 2024ರಲ್ಲಿ ಭಾರತ್ ಸೀರಮ್ಸ್ ಅಂಡ್ ವ್ಯಾಕ್ಸೀನ್ಸ್ ಎಂಬ ಕಂಪನಿಯನ್ನು ಸುಮಾರು 13,600 ಕೋಟಿಗೆ ಕೊಂಡರು. ಅದು ಏನು ಮಾಡುತ್ತಿತ್ತು ಗೊತ್ತೇ? ಮಕ್ಕಳಾಗದವರಿಗೆ ಕೊಡುವ ಹಾರ್ಮೋನ್ ಇಂಜೆಕ್ಷನ್, ಅದೇ ಎಚ್‌ಸಿಜಿಯೂ ಸೇರಿ. ಅಂದರೆ ಬಸಿರಾಗಿದೆಯೇ ಎಂದು ಹೇಳುವ ಕಾರ್ಡೂ ಅವರದೇ, ಆಗದಿದ್ದರೆ ಕೊಡುವ ಸೂಜಿಯೂ ಅವರದೇ. ನೂರು ವರ್ಷದ ಹಿಂದೆ ಆರ್ಗನಾನ್ ನಡೆದ ದಾರಿಯಲ್ಲೇ ನಮ್ಮವರೂ ಬಂದು ನಿಂತಿದ್ದಾರೆ. ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಕಾತರದ ಬೆಲೆ ಎಷ್ಟು ಎಂಬ ಲೆಕ್ಕ ನಮಗೂ ಇರಲಿ. (ಚಿಕಿತ್ಸೆಗೆಂದು ಎಚ್‌ಸಿಜಿ ಇಂಜೆಕ್ಷನ್ ತೆಗೆದುಕೊಂಡವರು ಗಮನಿಸಿ: ಅದಾದ ಹತ್ತು-ಹದಿನಾಲ್ಕು ದಿನ ಕಾರ್ಡಿನಲ್ಲಿ ಸುಳ್ಳೇ ಎರಡು ಗೆರೆ ಬರಬಹುದು. ಸಂತೋಷಪಟ್ಟು ತವರಿಗೆ ಫೋನ್ ಮಾಡಿ ಆಮೇಲೆ ಅಳಬೇಡಿ.)

ದುಡ್ಡು ಕೊಡದೆಯೂ ಕಾರ್ಡು ಸಿಗುತ್ತದೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಸರಕಾರ 2008ರಲ್ಲಿ "ನಿಶ್ಚಯ್" ಎಂಬ ಹೆಸರಿನಲ್ಲಿ ಇದನ್ನು ಆಶಾ ಕಾರ್ಯಕರ್ತೆಯರ ಚೀಲಕ್ಕೆ ಹಾಕಿತು. ನಮ್ಮ ನೆರೆಯ ಬೆಳಗಾವಿ ಜಿಲ್ಲೆಯಲ್ಲಿ, ಸಂಕೇಶ್ವರ ದಾಟಿ ನಿಪ್ಪಾಣಿ ಕಡೆ ಹೋಗುವಾಗ ಸಿಗುವ ಕಣಗಲಾದಲ್ಲಿ ಎಚ್‌ಎಲ್‌ಎಲ್ ಎಂಬ ಸರಕಾರಿ ಕಂಪನಿಯ ಕಾರ್ಖಾನೆ ಇದೆ, ನೋಡಿರಬಹುದು. 1966ರಲ್ಲಿ ಕೇರಳದಲ್ಲಿ ಹಿಂದೂಸ್ತಾನ್ ಲೇಟೆಕ್ಸ್ ಎಂದು ಹುಟ್ಟಿ, 1985ರಲ್ಲಿ ಕಣಗಲಾಕ್ಕೆ ಬಂತು. ಮಾಲಾ-ಡಿಯಂಥ ಗರ್ಭನಿರೋಧಕ ಗುಳಿಗೆ ಮಾಡುವ ಕಂಪನಿ. ಬಸಿರಿನ ಕಾರ್ಡೂ ಇದರದಿದೆ. ಜಾಹೀರಾತು ಇಲ್ಲ, ನಟಿ ಇಲ್ಲ, ಹಾಗಾಗಿ ಹೆಸರು ಕೇಳಿದವರು ಕಡಿಮೆ.

ನನ್ನದೇ ಕಥೆ ಹೇಳಲೇ? ಮೊದಲ ಮಗುವಿನ ಹೊತ್ತಿಗೆ ನಮ್ಮವರು ಈ ಕಾರ್ಡನ್ನು ಜಮಖಂಡಿಯಿಂದ ತಂದರು. ಮುಧೋಳದಲ್ಲಿ ಸಿಗುತ್ತಿರಲಿಲ್ಲ ಅಂತಲ್ಲ. ಇಲ್ಲಿಯ ಮೆಡಿಕಲ್‌ನವರು ನಮ್ಮ ಮಾವನವರ ಗೆಳೆಯರು! ಸಂಜೆ ಚಹಾಕ್ಕೆ ಕೂತಾಗ "ಏನ್ರೀ, ಸಿಹಿ ಸುದ್ದಿ ಐತೇನು" ಅಂದುಬಿಟ್ಟರೆ? ಬಸ್ಸಿನ ಚಾರ್ಜು ಕಾರ್ಡಿನ ದುಡ್ಡಿಗೆ ಸಮವಾಯಿತು. ಆದರೆ ಆ ಬೆಳಗ್ಗೆ ಐದು ನಿಮಿಷ, ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ಹೊರಗೆ ಅತ್ತೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಾ, ಲೋಕದಲ್ಲಿ ನನಗೊಬ್ಬಳಿಗೇ ಗೊತ್ತಿದ್ದ ಐದು ನಿಮಿಷ ಇವೆಯಲ್ಲ, ಅದನ್ನು ಇವತ್ತಿಗೂ ಮರೆತಿಲ್ಲ. ನಮ್ಮ ಅತ್ತೆಗೆ ಅದು ಸಿಕ್ಕಿರಲಿಲ್ಲ.

ಈಗ ನಮ್ಮ ಬೆಂಗಳೂರಿನಿಂದಲೇ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಆಯುಷ್ ರೈ ಮತ್ತು ವರುಣ್ ಎ.ವಿ. ಎಂಬ ಇಬ್ಬರು ತರುಣರು ಕಟ್ಟಿದ ಇನಿಟೊ ಎಂಬ ಕಂಪನಿ ಮೊಬೈಲಿಗೆ ಸಿಕ್ಕಿಸುವ ಪುಟ್ಟ ಯಂತ್ರ ಮಾಡಿದೆ. ಕಾರ್ಡು "ಹೌದು, ಇಲ್ಲ" ಎಂದಷ್ಟೇ ಹೇಳಿದರೆ, ಇದು ಮೂತ್ರದ ಪಟ್ಟಿಯನ್ನು ಓದಿ ನಾಲ್ಕು ಹಾರ್ಮೋನುಗಳ ಪ್ರಮಾಣವನ್ನು ಅಂಕಿಯಲ್ಲಿ ಕೊಡುತ್ತದೆ. ಅಂಡ ಯಾವಾಗ ಬಿಡುಗಡೆಯಾಗುತ್ತದೆ, ಆಯಿತೋ ಇಲ್ಲವೋ ಎಂದು ತಿಂಗಳುದ್ದಕ್ಕೂ ಲೆಕ್ಕವಿಡಬಹುದು. 2021ರಲ್ಲಿ ಅಮೆರಿಕದಲ್ಲಿ ಮಾರಾಟ ಶುರುವಾಯಿತು. 2023ರಲ್ಲಿ ಕಂಪನಿಯವರೇ ತಮ್ಮ ಯಂತ್ರದ ಅಳತೆಯನ್ನು ತಾಳೆ ನೋಡಿ ಸೈಂಟಿಫಿಕ್ ರಿಪೋರ್ಟ್ಸ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬರೆದರು. 2025ರಲ್ಲಿ 2.9 ಕೋಟಿ ಡಾಲರ್ ಬಂಡವಾಳ ಬಂತು. ಬೆಂಗಳೂರಿನ ಹುಡುಗರು ಮಾಡಿದ್ದು ಎಂದು ಹೆಮ್ಮೆ ಇದೆ. ಮಕ್ಕಳಿಗಾಗಿ ವರ್ಷಗಟ್ಟಲೆ ಕಾಯುವವರಿಗೆ, ಪ್ರತಿ ತಿಂಗಳು ಲ್ಯಾಬಿಗೆ ಅಲೆಯುವವರಿಗೆ ಇದು ಅನುಕೂಲವೇ.

ಆದರೂ ನನಗೊಂದು ಅಳುಕು. ಕಾರ್ಡನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದರೆ ಮುಗಿಯಿತು. ಮೊಬೈಲು ಮರೆಯುವುದಿಲ್ಲ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೆಂಡತಿಯ ಮೊಬೈಲು ಹೆಂಡತಿಯದ್ದೇ? ಅವಳ ಮುಟ್ಟಿನ ಲೆಕ್ಕ, ಹಾರ್ಮೋನಿನ ಅಂಕಿ ಗಂಡ ನೋಡುತ್ತಾನೆ, ನಾದಿನಿ ನೋಡುತ್ತಾಳೆ. "ಈ ತಿಂಗಳೂ ನಿನ್ನ ಅಂಡ ಬಂದಿಲ್ಲ" ಎಂದು ಅಂಕಿ ತೋರಿಸಿ ಚುಚ್ಚಲು ಒಂದು ಹೊಸ ಆಯುಧವಾದೀತು. ಗಂಡನ ವೀರ್ಯ ಪರೀಕ್ಷೆಯ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಇಂಥ ಯಂತ್ರ ಕೊಳ್ಳುವ ಮೊದಲು ಗಂಡನದೂ ಒಮ್ಮೆ ಪರೀಕ್ಷೆ ಆಗಲಿ, ಅದು ಇದಕ್ಕಿಂತ ಅಗ್ಗ. ಪಿಸಿಓಡಿ ಇದ್ದವರಿಗೆ ಅಂಡ ಬಿಡುಗಡೆಯ ಸಾದಾ ಪಟ್ಟಿ ತಪ್ಪು ಹೇಳುವುದುಂಟು. ನಲವತ್ತೈದು ದಾಟಿದವರು ಮುಟ್ಟು ನಿಲ್ಲುತ್ತಿದೆಯೇ ಎಂದು ಒಂದೇ ಒಂದು ಮೂತ್ರ ಪರೀಕ್ಷೆಯಿಂದ ತೀರ್ಮಾನಿಸಬೇಡಿ, ಆ ವಯಸ್ಸಿನಲ್ಲಿ ಹಾರ್ಮೋನು ವಾರಕ್ಕೊಂದು ಥರ ಏರಿಳಿಯುತ್ತದೆ.

ಈಗ ರಬಕವಿಯ ತಂಗಿಯ ಕೊನೆಯ ಎರಡು ಸಾಲು. ಇಬ್ಬರು ಹೆಣ್ಣುಮಕ್ಕಳು, ಮನೆಯಲ್ಲಿ ಹೇಳಿಲ್ಲ. ಅದನ್ನು ಓದಿದಾಗ ನನಗೆ ನೆನಪಾದದ್ದು ಮಹಾಲಿಂಗಪುರ. 2024ರ ಮೇ ಕೊನೆಯಲ್ಲಿ ಸಾಂಗ್ಲಿ ಜಿಲ್ಲೆಯ ಹೆಣ್ಣುಮಗಳೊಬ್ಬಳು ಅಲ್ಲಿ ಗರ್ಭಪಾತ ಮಾಡಿಸಿಕೊಂಡು ಸತ್ತಳು. ಅವಳಿಗೂ ಇಬ್ಬರು ಹೆಣ್ಣುಮಕ್ಕಳು. ಮೂರನೆಯದೂ ಹೆಣ್ಣು ಎಂದು ಯಾರೋ ಕಳ್ಳತನದಿಂದ ನೋಡಿ ಹೇಳಿದ್ದರಂತೆ. ಗರ್ಭ ತೆಗೆದದ್ದು ಡಾಕ್ಟರಲ್ಲ, ಆಸ್ಪತ್ರೆಯಲ್ಲೂ ಅಲ್ಲ, ಒಂದು ಮನೆಯಲ್ಲಿ. ಶವವನ್ನು ಊರಿಗೆ ಒಯ್ಯುವಾಗ ಮಹಾರಾಷ್ಟ್ರದ ಪೊಲೀಸರ ಕೈಗೆ ಸಿಕ್ಕು ಸುದ್ದಿ ಹೊರಬಂತು. ಅದಕ್ಕೆ ಮೊದಲು 2017ರ ಮಾರ್ಚ್‌ನಲ್ಲಿ ಗಡಿಯಾಚೆಯ ಮ್ಹೈಸಾಳದಲ್ಲಿ 19 ಭ್ರೂಣಗಳು ಸಿಕ್ಕಿದ್ದವು. 2022ರ ಜೂನ್‌ನಲ್ಲಿ ಮೂಡಲಗಿಯಲ್ಲಿ ಡಬ್ಬಿಯಲ್ಲಿಟ್ಟ ಏಳು. 2023ರಲ್ಲಿ ಮಂಡ್ಯದ ಕಡೆ ಆಲೆಮನೆಯಲ್ಲೇ ಸ್ಕ್ಯಾನಿಂಗ್ ಯಂತ್ರ! ಬೆಲ್ಲ ಕಾಯಿಸುವ ಜಾಗ. ಕಬ್ಬಿನ ಸೀಮೆಯ ನಮಗೆ ಅದನ್ನು ಓದಿ ಮೈ ಜುಮ್ಮೆಂದಿತು.

ನೋಡಿ, ಕಾರ್ಡು ಇವತ್ತು ಮುಧೋಳದ ಯಾವ ಅಂಗಡಿಯಲ್ಲೂ ನೂರು ರೂಪಾಯಿಯೊಳಗೆ ಸಿಗುತ್ತದೆ. ಕಂಪನಿಗಳು ಆ ಐದು ನಿಮಿಷವನ್ನು ಮಾತ್ರ ನಮಗೆ ಮಾರಿವೆ. ಆರನೇ ನಿಮಿಷದಿಂದ ಮುಂದಿನದು ಮತ್ತೆ ಮನೆಯವರ ಕೈಯಲ್ಲಿ. ಮುಟ್ಟು ತಪ್ಪಿದ ವಾರಕ್ಕೇ ಗೊತ್ತಾಗುವುದರಿಂದ ಹೆಣ್ಣಿಗೆ ಯೋಚಿಸಲು ಹೆಚ್ಚು ದಿನ ಸಿಕ್ಕಿವೆ, ನಿಜ. ಬಸಿರು ಬೇಕೋ ಬೇಡವೋ ಎಂದು ಅವಳೇ ಯೋಚಿಸಿದರೆ ಆ ದಿನಗಳು ವರ. ಮನೆಯವರು ಸ್ಕ್ಯಾನಿಂಗ್ ದಲ್ಲಾಳಿಯನ್ನು ಹುಡುಕಲು ಬಳಸಿದರೆ ಅದೇ ದಿನಗಳು ಶಾಪ. ಕಾರ್ಡಿಗೆ ಅದರ ವ್ಯತ್ಯಾಸ ಗೊತ್ತಿಲ್ಲ, ಕಂಪನಿಯ ಜಾಹೀರಾತಿಗೂ ಗೊತ್ತಿಲ್ಲ. ಅದರಲ್ಲಿ ಎರಡು ಗೆರೆ ಬಂದ ಕೂಡಲೇ ಎಲ್ಲರೂ ನಗುತ್ತಾರೆ.

ಆದ್ದರಿಂದ ತಂಗಿ, ನಿಮಗೆ ಕಾನೂನಿನ ಮಾತು ನಾಲ್ಕು ಹೇಳುತ್ತೇನೆ, ನೆನಪಿಡಿ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಕೇಳುವುದು, ಹೇಳುವುದು, ಎರಡೂ 1994ರ ಕಾಯ್ದೆಯ ಪ್ರಕಾರ ಅಪರಾಧ. ನಿಮ್ಮನ್ನು ಒತ್ತಾಯದಿಂದ ಕರೆದೊಯ್ದರೆ ತಪ್ಪು ಒಯ್ದವರದು, ಹೆಂಗಸನ್ನು ಮನೆಯವರೇ ದೂಡಿದ್ದಾರೆ ಎಂದೇ ಕಾನೂನು ಮೊದಲು ಭಾವಿಸುತ್ತದೆ. ಇನ್ನು ಬಸಿರೇ ನಿಮಗೆ ಬೇಡವಾಗಿದ್ದರೆ, ಅದು ಬೇರೆ ಮಾತು. 1971ರ ಕಾಯ್ದೆಗೆ 2021ರಲ್ಲಾದ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ಅರ್ಹ ಡಾಕ್ಟರ ಅಭಿಪ್ರಾಯ ಸಾಕು. ಗರ್ಭನಿರೋಧಕ ಕೈಕೊಟ್ಟಿತು ಎಂಬುದೂ ಕಾರಣವಾಗುತ್ತದೆ. ಹದಿನೆಂಟು ತುಂಬಿದ ಹೆಣ್ಣಿಗೆ ತನ್ನ ಒಪ್ಪಿಗೆ ಒಂದೇ ಸಾಕು, ಗಂಡನ ಸಹಿ ಕಾನೂನು ಕೇಳುವುದಿಲ್ಲ. ಹೆಸರನ್ನು ಗುಟ್ಟಾಗಿಡುವುದು ಡಾಕ್ಟರ ಕರ್ತವ್ಯ. ಗುಳಿಗೆಯಿಂದ ಆಗುವುದು 9 ವಾರದವರೆಗೆ ಮಾತ್ರ, ಅದೂ ಡಾಕ್ಟರ ಚೀಟಿಯ ಮೇಲೆ, ಅವರ ಕಣ್ಣಳತೆಯಲ್ಲಿ. ಅಂಗಡಿಯಲ್ಲಿ ಯಾರೋ ಕೈಗಿಟ್ಟ ಗುಳಿಗೆಯನ್ನು ನುಂಗಬೇಡಿ. ಅದರಲ್ಲೂ ನಿಮ್ಮದು ನಾಳದಲ್ಲಿ ನಿಂತ ಬಸಿರಾಗಿದ್ದರೆ ಆ ಗುಳಿಗೆ ಕೆಲಸ ಮಾಡುವುದಿಲ್ಲ, ನಾಳ ಒಡೆದು ಜೀವಕ್ಕೆ ಅಪಾಯ.

ಬೇಕಾಗಿದ್ದರೂ, ಬೇಡವಾಗಿದ್ದರೂ ಮೊದಲ ಹೆಜ್ಜೆ ಒಂದೇ. ನಾಳೆ ಬೆಳಗ್ಗೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಒಬ್ಬರೇ ಹೋಗಲು ಕಷ್ಟವಾದರೆ ಓಣಿಯ ಆಶಾ ಕಾರ್ಯಕರ್ತೆಯನ್ನು ಕರೆದುಕೊಳ್ಳಿ. ಮುಟ್ಟಾದ ಕೊನೆಯ ತಾರೀಕನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಡಾಕ್ಟರು ಮೊದಲು ಕೇಳುವುದೇ ಅದನ್ನು. ಎರಡು ಕಾರ್ಡಿನಲ್ಲೂ ಮಸುಕು ಗೆರೆ ಬಂತೆಂದು ಹೇಳಿ, ಕಾರ್ಡನ್ನೇ ಒಯ್ಯಬೇಕಿಲ್ಲ. ಮನೆಯಲ್ಲಿ ಯಾರಾದರೂ ಬಿಜಾಪುರದ ಕಡೆಗೋ ಗಡಿಯಾಚೆಗೋ "ಒಂದು ಸ್ಕ್ಯಾನಿಂಗ್ ಮಾಡಿಸಿಕೊಂಡು ಬರೋಣ" ಅಂದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಫಲಿತಾಂಶ ಏನಾಯಿತು ಎಂದು ಒಂದು ಕಾರ್ಡು ಬರೆಯಿರಿ, ಅಂಚೆ ಕಾರ್ಡು. ಹೆಸರು ಈ ಸಲವೂ ಹಾಕುವುದಿಲ್ಲ.